ಮೊದಲು ಕೆಲಸವೋ, ಮೊದಲು ಮನೆಯೋ? ನೆಲೆ ತಪ್ಪಿದ ದಿನಗಳಿಗೊಂದು ಹೋಲಿಕೆ

ಸಂಬಂಧ ಮುರಿದಿರುತ್ತದೆ, ಇಲ್ಲವೇ ಮನೆಗೆ ಆಧಾರವಾಗಿದ್ದವರು ತೀರಿಕೊಂಡಿರುತ್ತಾರೆ, ಇಲ್ಲವೇ ವರ್ಷಗಟ್ಟಲೆ ಮಾಡಿದ ಕೆಲಸ ಒಂದೇ ದಿನದಲ್ಲಿ ಹೋಗಿರುತ್ತದೆ. ಅದರ ಬೆನ್ನಿಗೇ ಹೊಸ ಕೆಲಸ ಹುಡುಕಬೇಕು, ಹೊಸ ಮನೆ ನೋಡಬೇಕು. ಎರಡೂ ಸಾಮಾನ್ಯ ದಿನಗಳಲ್ಲೇ ಸುಸ್ತು ಮಾಡುವ ಕೆಲಸಗಳು. ಮನಸ್ಸು ನೆಲೆಯಲ್ಲಿಲ್ಲದಾಗ ಎರಡನ್ನೂ ಒಟ್ಟಿಗೇ ನಿರ್ಧರಿಸಬೇಕಾಗಿ ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಂಥ ಹೊತ್ತಿನಲ್ಲಿ ನಾನೂ ಒಂದು ಮನೆ ಹಿಡಿದಿದ್ದೆ. ಬೆಳಕು, ಗಾಳಿ, ಅಕ್ಕಪಕ್ಕದವರು ಎಲ್ಲವೂ ಚೆನ್ನಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ನಿಶ್ಶಬ್ದವಿತ್ತು, ಆಗ ನನಗೆ ಬೇಕಾಗಿದ್ದುದೂ ಅದೇ. ದೀರ್ಘ ಕರಾರಿಗೆ ಹಿಂದೆಮುಂದೆ ನೋಡದೆ ಸಹಿ ಹಾಕಿದೆ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಆ ನಿಶ್ಶಬ್ದವನ್ನೇ ಸಹಿಸಲಾಗದಂತಾಯಿತು. ಮನೆ ಹಾಗೇ ಇತ್ತು, ನಾನು ಬದಲಾಗಿದ್ದೆ.

ಅಂದಿನಿಂದ ಹೋಲಿಸುವ ಅಳತೆಗೋಲನ್ನೇ ಬದಲಿಸಿಕೊಂಡಿದ್ದೇನೆ. ಬದುಕು ಸಮವಾಗಿ ಸಾಗುತ್ತಿರುವಾಗ 'ಎರಡರಲ್ಲಿ ಯಾವುದು ಒಳ್ಳೆಯದು?' ಎಂದು ಕೇಳುವುದು ಸರಿಯೇ. ನೆಲೆ ತಪ್ಪಿದ ದಿನಗಳಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ: 'ಇದು ತಪ್ಪು ಅಂತ ಆಮೇಲೆ ಗೊತ್ತಾದರೆ, ಹೊರಗೆ ಬರಲು ಏನೆಲ್ಲ ತೆರಬೇಕು?' ಇವತ್ತು ಆರಿಸುವ ನಾವು ಮತ್ತು ಆರು ತಿಂಗಳ ಮೇಲೆ ಅಲ್ಲಿ ಬದುಕುವ ನಾವು ಒಂದೇ ಆಗಿರುವುದಿಲ್ಲ. ಮುಂದಿನ ಪ್ರತಿ ಹೋಲಿಕೆಯಲ್ಲೂ ನಾನು ಹಿಡಿದಿರುವುದು ಇದೇ ಅಳತೆಗೋಲನ್ನು.

ಹೊರೆ ಎಷ್ಟಿದೆ ಎಂದು ಮೊದಲು ನೋಡಿಕೊಳ್ಳಿ

1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಮನೋವೈದ್ಯರು ಬದುಕಿನ 43 ಬದಲಾವಣೆಗಳಿಗೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಬಾಳಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಕೆಲಸದಿಂದ ತೆಗೆದುಹಾಕಿದ್ದಕ್ಕೆ 47, ಬೇರೆ ಬಗೆಯ ಕೆಲಸಕ್ಕೆ ಹೊರಳಿದ್ದಕ್ಕೆ 36. ಮನೆ ಬದಲಿಸಿದ್ದಕ್ಕೆ ಬರೀ 20. ಇಷ್ಟೇನಾ ಅನ್ನಿಸುತ್ತದೆ. ಆದರೆ ಮನೆ ಬದಲಾದರೆ ಅದೊಂದೇ ಬದಲಾಗುವುದಿಲ್ಲವಲ್ಲ! ಅದೇ ಪಟ್ಟಿಯಲ್ಲಿ ವಾಸದ ಸ್ಥಿತಿಗತಿ ಬದಲಾದರೆ 25, ವೈಯಕ್ತಿಕ ರೂಢಿಗಳು ಬದಲಾದರೆ 24, ಒಡನಾಟ ಬದಲಾದರೆ 18, ನಿದ್ದೆಗೆ 16, ಊಟಕ್ಕೆ 15. ಕೂಡಿಸಿದರೆ 118 ಆಗುತ್ತದೆ, ಕೆಲಸ ಕಳೆದುಕೊಂಡದ್ದರ ಎರಡು ಪಟ್ಟಿಗೂ ಹೆಚ್ಚು. ಯಾರಿಗೆ ಎಷ್ಟು ಕಷ್ಟವಾದೀತು ಎಂದು ಈ ಅಂಕಗಳಿಂದ ಭವಿಷ್ಯ ಹೇಳಲಾಗದು. ಆದರೆ 'ಮನೆ ತಾನೇ, ಒಂದು ವಾರದಲ್ಲಿ ಹೊಂದಿಕೊಳ್ಳುತ್ತೀಯ' ಎನ್ನುವವರ ಮಾತು ಯಾಕೆ ಸುಳ್ಳಾಗುತ್ತದೆ ಎನ್ನುವುದು ಈ ಕೂಡಿಕೆಯಲ್ಲಿ ಕಾಣುತ್ತದೆ.

ಹಾಗಾಗಿ ಸಾಧ್ಯವಿದ್ದಷ್ಟು ಮಟ್ಟಿಗೆ ಎರಡರಲ್ಲಿ ಒಂದನ್ನು ಅಲುಗಿಸದೆ ಇಡಿ. ಕೆಲಸ ಬದಲಾಗುತ್ತಿದ್ದರೆ ಮನೆ ಕೆಲಕಾಲ ಇದ್ದಲ್ಲೇ ಇರಲಿ. ಮನೆ ಬಿಡಲೇಬೇಕಾದರೆ, ಕೆಲಸ ಎಷ್ಟೇ ಬೇಸರ ತರಿಸಿದರೂ ಇನ್ನೆರಡು ತಿಂಗಳು ಎಳೆಯಿರಿ. ಎರಡೂ ಒಟ್ಟಿಗೇ ಬಂದು ಬೀಳುವ ಸಂದರ್ಭವೂ ಇರುತ್ತದೆ, ಆಗ ಮುಂದಿನ ಪ್ರಶ್ನೆ ಏಳುತ್ತದೆ.

ಯಾವುದು ಮೊದಲು?

ಕೆಲಸ ಮೊದಲು ಸಿಕ್ಕರೆ ಎಲ್ಲಿ ವಾಸಿಸಬೇಕು, ಎಷ್ಟು ಬಾಡಿಗೆ ತೆರಬಹುದು ಎಂಬ ಎರಡು ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಮನೆ ಕೊಡುವವರೂ ಆದಾಯದ ದಾಖಲೆ ಕೇಳುವುದುಂಟು. ಮನೆ ಮೊದಲು ಹಿಡಿದರೆ ಮನಸ್ಸಿಗೆ ಒಂದು ನೆಲ ಸಿಗುತ್ತದೆ ನಿಜ, ಆದರೆ ಆ ಮನೆಯ ಸುತ್ತಲಿನ ಕೆಲಸಗಳನ್ನಷ್ಟೇ ಹುಡುಕುವಂತಾಗುತ್ತದೆ. ಬಾಡಿಗೆಯ ದಿನ ಹತ್ತಿರ ಬಂದಂತೆಲ್ಲ ಕೈಗೆ ಸಿಕ್ಕ ಕೆಲಸವನ್ನು ಒಪ್ಪಿಕೊಳ್ಳುವ ಒತ್ತಡ ಏರುತ್ತದೆ.

ಆದ್ದರಿಂದ ಹೆಚ್ಚಿನವರಿಗೆ ನಾನು ಹೇಳುವುದು ಕೆಲಸ ಮೊದಲು, ತಲೆಯ ಮೇಲೆ ತಾತ್ಕಾಲಿಕ ಸೂರು ಎಂದು. ಇದಕ್ಕೆ ಮೂರು ಅಪವಾದಗಳಿವೆ. ಮಕ್ಕಳ ಶಾಲೆ ವರ್ಷದ ನಡುವೆ ಇದ್ದರೆ ಮನೆಯೇ ಮೊದಲು. ನಿಮ್ಮ ಆರೈಕೆಯಲ್ಲೇ ಬದುಕುವವರು ಜೊತೆಗಿದ್ದರೂ ಮನೆಯೇ ಮೊದಲು. ಮೂರನೆಯದು, ಈಗಿರುವ ಮನೆಯಲ್ಲಿ ಹೊಡೆತ, ಬೆದರಿಕೆ, ಭಯ ಇದ್ದರೆ. ಆಗ ಈ ಬರಹದ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ಮೊದಲು ಅಲ್ಲಿಂದ ಹೊರಗೆ ಬನ್ನಿ, ಕೆಲಸ, ಕರಾರು, ಸಾಮಾನು ಎಲ್ಲವೂ ಆಮೇಲೆ.

ಎರಡರ ದಿನಾಂಕವೂ ಒಂದೇ ವಾರಕ್ಕೆ ಬಿದ್ದರೆ, ಮನೆಗೆ ಹೋಗುವುದು ಮತ್ತು ಕೆಲಸಕ್ಕೆ ಸೇರುವುದರ ನಡುವೆ ಕನಿಷ್ಠ ಮೂರ್ನಾಲ್ಕು ರಾತ್ರಿಗಳ ಅಂತರ ಇರುವಂತೆ ನೋಡಿಕೊಳ್ಳಿ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಸರಿ ಬರುವುದಿಲ್ಲ ಎನ್ನುವುದು ಎಲ್ಲರ ಅನುಭವ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದಕ್ಕೆ ಕಾರಣ ತೋರಿಸಿದರು: ಅಪರಿಚಿತ ಜಾಗದ ಮೊದಲ ರಾತ್ರಿ ಮೆದುಳಿನ ಎಡ ಅರ್ಧ ಬಲ ಅರ್ಧದಷ್ಟು ಗಾಢವಾಗಿ ಮಲಗುವುದಿಲ್ಲ, ಸಣ್ಣ ಸದ್ದಿಗೂ ಎಚ್ಚರವಾಗುವಂತೆ ಕಾವಲು ಕಾಯುತ್ತಿರುತ್ತದೆ. ಅರ್ಧ ಮೆದುಳು ಕಾವಲು ಕಾದ ರಾತ್ರಿಯ ಮರುಬೆಳಿಗ್ಗೆ ಹತ್ತಾರು ಹೊಸ ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಶಿಕ್ಷೆ ಯಾರಿಗೂ ಬೇಡ. ಮೊದಲ ರಾತ್ರಿಯ ನಿದ್ದೆ ನೋಡಿ 'ಈ ಮನೆ ನನಗೆ ಆಗಿಬರುವುದಿಲ್ಲ' ಎಂದು ತೀರ್ಮಾನಿಸುವುದೂ ಬೇಡ.

ತಾತ್ಕಾಲಿಕ ಸೂರು, ದೀರ್ಘ ಕರಾರು

ತಿಂಗಳ ಲೆಕ್ಕದಲ್ಲಿ ತಾತ್ಕಾಲಿಕ ವಾಸ ದುಬಾರಿ. ಇಲ್ಲೇ ಬಹಳ ಜನ ಲೆಕ್ಕ ತಪ್ಪುತ್ತಾರೆ. ದೀರ್ಘ ಕರಾರಿನ ಮನೆಯ ತಿಂಗಳ ಬಾಡಿಗೆ 100 ಪಾಲು, ಅಂಥದೇ ತಾತ್ಕಾಲಿಕ ಜಾಗದ್ದು 130 ಪಾಲು ಎಂದಿಟ್ಟುಕೊಳ್ಳಿ. ಮೂರು ತಿಂಗಳಿಗೆ ನೀವು ಹೆಚ್ಚಿಗೆ ತೆರುವುದು 90 ಪಾಲು, ಅಂದರೆ ಒಂದು ತಿಂಗಳ ಬಾಡಿಗೆಗಿಂತ ಕಡಿಮೆ. ಇನ್ನು ದೀರ್ಘ ಕರಾರನ್ನು ನಡುವೆ ಮುರಿಯಬೇಕಾಗಿ ಬಂತು ಎನ್ನಿ. ಎರಡು ತಿಂಗಳ ನೋಟಿಸ್ ಇದ್ದರೆ ಅದಕ್ಕೇ 200 ಪಾಲು. ಮುಂಗಡದಲ್ಲಿ ಕಡಿತ, ಸಾಮಾನು ಮತ್ತೆ ಸಾಗಿಸುವ ಖರ್ಚು, ಅದಕ್ಕಾಗಿ ಹಾಕುವ ರಜೆ ಬೇರೆ. ಮುರಿಯುವ ಸಾಧ್ಯತೆ ಅರ್ಧಕ್ಕರ್ಧ ಇದೆ ಎಂದರೂ ತಾತ್ಕಾಲಿಕ ಜಾಗವೇ ಅಗ್ಗ. ಹತ್ತಕ್ಕೆ ಒಂದರಷ್ಟು ಮಾತ್ರ ಇದ್ದರೆ ದೀರ್ಘ ಕರಾರು ಅಗ್ಗ. ನಿಮ್ಮ ಊರಿನ ಬಾಡಿಗೆ, ನಿಮ್ಮ ಕರಾರಿನ ಷರತ್ತು ಹಾಕಿ ಇದೇ ಲೆಕ್ಕವನ್ನು ಒಂದು ಹಾಳೆಯ ಮೇಲೆ ಮಾಡಿ. 'ಮುರಿಯುವ ಸಾಧ್ಯತೆ ಎಷ್ಟು' ಎಂಬ ಜಾಗದಲ್ಲಿ ನಿಮ್ಮ ಮೊದಲ ಅಂದಾಜನ್ನು ಸ್ವಲ್ಪ ಏರಿಸಿಯೇ ಬರೆಯಿರಿ. ಬದಲಾವಣೆಯ ನಡುವೆ ಇರುವಾಗ ನಾವೆಲ್ಲ ನಮ್ಮ ಖಚಿತತೆಯನ್ನು ಹೆಚ್ಚಾಗಿ ನಂಬುತ್ತೇವೆ.

ಇದಕ್ಕಿಂತಲೂ ಮುಖ್ಯವಾದುದು ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದುವುದು: ಕೆಲಸದ ನೇಮಕಾತಿ ಪತ್ರ ಮತ್ತು ಮನೆಯ ಕರಾರು. ಪ್ರೊಬೇಷನ್ ಆರು ತಿಂಗಳಿದ್ದು, ಮನೆಯನ್ನು ಹನ್ನೊಂದು ತಿಂಗಳು ಬಿಡುವಂತಿಲ್ಲ ಎಂದಿದ್ದರೆ, ಪ್ರೊಬೇಷನ್ನಿನ ಆ ಆರು ತಿಂಗಳೂ ನೀವು ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆ. ಕೆಲಸ ನಿಮ್ಮನ್ನು ಬಿಡಬಹುದು, ಮನೆಯನ್ನು ನೀವು ಬಿಡುವಂತಿಲ್ಲ. 'ಕೆಲಸ ಹೋದರೆ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು' ಎಂಬ ಒಂದು ಸಾಲನ್ನು ಕರಾರಿಗೆ ಸೇರಿಸಲು ಕೇಳಿ. ಕೇಳಲು ಸಂಕೋಚಪಡುವವರೇ ಹೆಚ್ಚು, ಕೇಳಿದರೆ ಒಪ್ಪುವವರು ಇದ್ದಾರೆ. ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು, ಅದು ಕಾಗದದ ಮೇಲೆ ಬರಬೇಕು.

ನೆಂಟರ, ಗೆಳೆಯರ ಮನೆ ಎಲ್ಲಕ್ಕಿಂತ ಅಗ್ಗದ ತಾತ್ಕಾಲಿಕ ಸೂರು. ಅಲ್ಲಿ ಹಣಕ್ಕೆ ಬದಲು ಸಲಿಗೆ ಖರ್ಚಾಗುತ್ತದೆ. ಹೋದ ಮೊದಲ ದಿನವೇ 'ಇಂಥ ತಾರೀಕಿನವರೆಗೆ ಇರುತ್ತೇನೆ' ಎಂದು ಬಾಯಿಬಿಟ್ಟು ಹೇಳಿ. ಬೇಡವೆಂದರೂ ಮನೆಖರ್ಚಿನಲ್ಲಿ ಒಂದು ಪಾಲು ವಹಿಸಿಕೊಳ್ಳಿ. ಕೊನೆಯ ದಿನ ಗೊತ್ತಿದ್ದರೆ ಇಬ್ಬರಿಗೂ ಉಸಿರಾಡಲು ಜಾಗ ಇರುತ್ತದೆ.

ತಾತ್ಕಾಲಿಕದ ಅಪಾಯವೆಂದರೆ ಅದೇ ಕಾಯಂ ಆಗಿಬಿಡುವುದು. ಬಿಚ್ಚದ ಪೆಟ್ಟಿಗೆಗಳ ನಡುವೆ ವರ್ಷ ಕಳೆದವರನ್ನು ನೋಡಿದ್ದೇನೆ. ಮರುಪರಿಶೀಲನೆಯ ತಾರೀಕನ್ನು ಒಳಗೆ ಕಾಲಿಟ್ಟ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಹತ್ತಿರದ ಇಕ್ಕಟ್ಟು, ದೂರದ ವಿಸ್ತಾರ

ಕೆಲಸಕ್ಕೆ ಹತ್ತಿರ ಇರುವ ಸಣ್ಣ, ದುಬಾರಿ ಮನೆ ಒಂದು ಕಡೆ. ದೂರದ ದೊಡ್ಡ, ಅಗ್ಗದ ಮನೆ ಇನ್ನೊಂದು ಕಡೆ. ಬಹುಶಃ ಎಲ್ಲರೂ ಎದುರಿಸುವ ಆಯ್ಕೆ ಇದು. ತಪ್ಪು ಆಗುವುದೂ ಇಲ್ಲೇ ಜಾಸ್ತಿ, ಯಾಕೆಂದರೆ ಮನೆ ನೋಡಲು ಹೋದಾಗ ಹೆಚ್ಚುವರಿ ಕೋಣೆ ಕಣ್ಣಿಗೆ ಕಾಣುತ್ತದೆ, ಪ್ರಯಾಣ ಕಾಣುವುದಿಲ್ಲ.

ದಾರಿ ಒಂದು ಬದಿಗೆ 45 ನಿಮಿಷ ಹೆಚ್ಚಾದರೆ ದಿನಕ್ಕೆ ಒಂದೂವರೆ ಗಂಟೆ, ತಿಂಗಳಲ್ಲಿ 22 ದಿನ ಕೆಲಸವಿದ್ದರೆ 33 ಗಂಟೆ. ಎಂಟು ಗಂಟೆಯ ನಾಲ್ಕು ಪೂರ್ತಿ ಕೆಲಸದ ದಿನಗಳನ್ನು ಪ್ರತಿ ತಿಂಗಳೂ ದಾರಿಗೆ ಸುರಿದಂತೆ. 2004ರಲ್ಲಿ ಡೇನಿಯಲ್ ಕಾನ್ಮನ್ ಮತ್ತು ಸಂಗಡಿಗರು ಟೆಕ್ಸಾಸ್‌ನ 909 ಉದ್ಯೋಗಸ್ಥ ಮಹಿಳೆಯರಿಂದ ಹಿಂದಿನ ದಿನದ ಪ್ರತಿಯೊಂದು ಚಟುವಟಿಕೆಯಲ್ಲಿ ಹೇಗನ್ನಿಸಿತು ಎಂದು ಬರೆಸಿಕೊಂಡಾಗ, ಕೆಲಸಕ್ಕೆ ಹೋಗುವ ಪ್ರಯಾಣ ಅತ್ಯಂತ ಕಡಿಮೆ ಹಿತ ಕೊಟ್ಟ ಚಟುವಟಿಕೆಗಳ ಸಾಲಿನಲ್ಲಿ ಬಂತು. ದೂರ ಇದ್ದರೇನಂತೆ, ಅದಕ್ಕೆ ತಕ್ಕ ಹಾಗೆ ಮನೆ ದೊಡ್ಡದಿದೆ, ಸಂಬಳ ಹೆಚ್ಚಿದೆ ಎನ್ನಬಹುದು. ಜರ್ಮನಿಯ ಕುಟುಂಬಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಸಮೀಕ್ಷೆಯ ಮಾಹಿತಿ ಹಿಡಿದು ಅಲಾಯ್ಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೇ ಎಂಬ ಅರ್ಥಶಾಸ್ತ್ರಜ್ಞರು ಕೇಳಿದ್ದೂ ಇದನ್ನೇ. ಆ ಪರಿಹಾರ ನಿಜವಾಗಿಯೂ ಸಿಗುವಂತಿದ್ದರೆ ದೂರದಿಂದ ಬರುವವರೂ ಹತ್ತಿರದವರೂ ಬದುಕಿನ ಬಗ್ಗೆ ಒಂದೇ ಮಟ್ಟದ ತೃಪ್ತಿ ಹೇಳಬೇಕಿತ್ತು. ಆದರೆ ದಾರಿ ಉದ್ದವಾದಂತೆ ತೃಪ್ತಿ ಇಳಿಯುತ್ತಿತ್ತು.

ಇದಕ್ಕೆ ಕಾರಣವೇನು ಎನ್ನುವ ಬಗ್ಗೆ ನನ್ನದೊಂದು ವಿವರಣೆಯಿದೆ. ದೊಡ್ಡ ಕೋಣೆಗೆ ನಾವು ಒಗ್ಗಿಹೋಗುತ್ತೇವೆ, ಎರಡು ತಿಂಗಳಲ್ಲಿ ಅದು ಬರೀ ಕೋಣೆ. ದಾರಿ ಮಾತ್ರ ದಿನಕ್ಕೊಂದು ಥರ: ಇವತ್ತು ಗಾಡಿ ತಡ, ನಾಳೆ ಮಳೆ, ನಾಡಿದ್ದು ನಿಲ್ಲಲೂ ಜಾಗವಿಲ್ಲ. ದಿನವೂ ಬೇರೆ ಬೇರೆ ರೂಪದಲ್ಲಿ ಬರುವ ಕಷ್ಟಕ್ಕೆ ಒಗ್ಗಿಕೊಳ್ಳಲಾಗುವುದಿಲ್ಲ.

ಹಾಗಿದ್ದರೂ ದೂರವನ್ನೇ ಆರಿಸಬೇಕಾದ ಸಂದರ್ಭಗಳಿವೆ. ದೂರದ ಮನೆಯ ಪಕ್ಕದಲ್ಲೇ ನಿಮ್ಮವರು ಎನ್ನಿಸಿಕೊಂಡವರು ಇದ್ದರೆ, ಮಗುವನ್ನು ನೋಡಿಕೊಳ್ಳುವ ಕೈ ಅಲ್ಲಿದ್ದರೆ, ಅಥವಾ ಈ ಕೆಲಸವೇ ಮೂರು ತಿಂಗಳ ಮಾತು ಎಂದು ಒಳಗೊಳಗೇ ಗೊತ್ತಿದ್ದರೆ. ಇಲ್ಲವಾದರೆ ನಾನು ಹತ್ತಿರದ ಇಕ್ಕಟ್ಟಿನ ಪರ. ದುಃಖದಲ್ಲೋ ದಣಿವಿನಲ್ಲೋ ಇರುವವರಿಗೆ ಸಂಜೆ ಒಂದು ಗಂಟೆ ಮುಂಚೆ ಮನೆ ಸೇರುವುದು ಎಷ್ಟು ದೊಡ್ಡದು ಎಂದು ಅನುಭವಿಸಿದವರಿಗೇ ಗೊತ್ತು. ಯಾವುದನ್ನೇ ಆರಿಸಿ, ಸಹಿ ಹಾಕುವ ಮೊದಲು ಕೆಲಸದ ದಿನ, ಕೆಲಸದ ಹೊತ್ತಿಗೇ, ಆ ಮನೆಯಿಂದ ಕೆಲಸದ ಜಾಗಕ್ಕೆ ಒಮ್ಮೆ ಹೋಗಿ ಬನ್ನಿ. ರಜಾದಿನ ಅಳೆದ ದೂರವನ್ನು ನಂಬಬೇಡಿ.

ಒಬ್ಬರೇ ಇರುವುದು, ಹಂಚಿಕೊಂಡು ಇರುವುದು

ಹಂಚಿಕೊಂಡರೆ ಖರ್ಚು ಕಡಿಮೆ, ಒಬ್ಬರೇ ಇದ್ದರೆ ಸ್ವಾತಂತ್ರ್ಯ ಹೆಚ್ಚು. ಇದನ್ನು ಹೇಳಲು ಮಾರ್ಗದರ್ಶಿ ಬೇಕಿಲ್ಲ. ಕಣ್ಣಿಗೆ ಬೀಳದ ಸಂಗತಿ ಒಡನಾಟದ ಗಂಟೆಗಳದ್ದು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಆಗಷ್ಟೇ ಊರು ಬದಲಿಸಿದ್ದ ವಯಸ್ಕರನ್ನು ಅವರ ಹೊಸ ಪರಿಚಯಗಳ ಬಗ್ಗೆ ಕೇಳಿ, 2018ರಲ್ಲಿ ಒಂದು ಅಂದಾಜು ಕೊಟ್ಟರು: ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಗೆಳೆತನವಾಗಲು 90, ಆಪ್ತ ಗೆಳೆತನಕ್ಕೆ 200ಕ್ಕೂ ಮೇಲೆ. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳಿಗೆ ಇದರಲ್ಲಿ ಅಷ್ಟು ತೂಕವಿಲ್ಲ. ಹೊಸ ಊರಿನಲ್ಲಿ ಒಬ್ಬರೇ ಇದ್ದು, ವಾರಕ್ಕೆ ಎರಡು ಗಂಟೆ ಮಾತ್ರ ಯಾರೊಂದಿಗಾದರೂ ಕಳೆಯುವವರಿಗೆ ಮೊದಲ ಮೆಟ್ಟಿಲಿಗೇ ಆರು ತಿಂಗಳು. ಒಂದೇ ಅಡುಗೆಮನೆ ಹಂಚಿಕೊಂಡವರಿಗೆ ಅದು ಒಂದೆರಡು ತಿಂಗಳ ದಾರಿ.

ಆದರೆ ಇದು ಎಲ್ಲರಿಗೂ ಒಗ್ಗುವ ಲೆಕ್ಕವಲ್ಲ. ಅಳು ಬಂದಾಗ ಅಳಲು ಬಾಗಿಲು ಹಾಕಿಕೊಳ್ಳುವ ಕೋಣೆಯಾದರೂ ಬೇಕು. ನಡುರಾತ್ರಿ ಪಾಳಿ ಮುಗಿಸಿ ಬರುವವರಿಗೆ, ಸದ್ದು ಸಹಿಸದವರಿಗೆ, ಬಿಟ್ಟು ಬಂದ ಸಂಬಂಧದಲ್ಲಿ ಪ್ರತಿ ಹೆಜ್ಜೆಗೂ ಲೆಕ್ಕ ಕೊಟ್ಟು ದಣಿದವರಿಗೆ ಒಂಟಿ ಮನೆಯೇ ಔಷಧ. ಅಂಥವರು ಮನೆಯ ಹೊರಗೆ ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಒಂದೇ ಜನ ಸೇರುವ ಯಾವುದಾದರೊಂದು ಕೂಟವನ್ನು ಹಿಡಿದುಕೊಳ್ಳಬೇಕು: ಹಾಡೋ, ಓಟವೋ, ಓದೋ, ಭಾಷೆ ಕಲಿಯುವುದೋ.

ಕೈಗೆ ಸಿಕ್ಕ ಕೆಲಸ, ಕಾದು ಹಿಡಿಯುವ ಕೆಲಸ

ಉಳಿತಾಯ ಎಷ್ಟು ತಿಂಗಳಿಗೆ ಸಾಕು ಎನ್ನುವುದೇ ಇಲ್ಲಿ ಮೊದಲ ಪ್ರಶ್ನೆ, ಅದರ ಉತ್ತರ ನಿಮ್ಮಲ್ಲೇ ಇದೆ. ಕಾಯಲು ಹಣವಿದ್ದರೂ ಕಾಯುವುದಕ್ಕೆ ಇನ್ನೊಂದು ಬೆಲೆಯಿದೆ. ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬ ಹಳ್ಳಿ ಒಂದೇ ಬಟ್ಟೆ ಗಿರಣಿಯನ್ನು ನಂಬಿತ್ತು. 1930ರ ಹೊತ್ತಿಗೆ ಗಿರಣಿ ಮುಚ್ಚಿತು. ಮಾರಿ ಯಹೋಡಾ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ನೋಡಿದಾಗ, ದಿನವಿಡೀ ಬಿಡುವಿದ್ದರೂ ಗ್ರಂಥಾಲಯದಿಂದ ಜನ ತರುವ ಪುಸ್ತಕಗಳು ಕಡಿಮೆಯಾಗಿದ್ದವು, ಬೀದಿಯಲ್ಲಿ ಗಂಡಸರ ನಡಿಗೆಯೇ ನಿಧಾನವಾಗಿತ್ತು. ಸಂಬಳದಾಚೆಗೆ ಕೆಲಸ ಕೊಡುವ ಐದು ಸಂಗತಿಗಳನ್ನು ಯಹೋಡಾ ಮುಂದೆ ಹೆಸರಿಸಿದರು: ದಿನಕ್ಕೊಂದು ಚೌಕಟ್ಟು, ಮನೆಯಾಚೆಯ ಜನರ ಸಂಪರ್ಕ, ಹಲವರು ಸೇರಿ ಸಾಧಿಸುವ ಗುರಿ, ಸಮಾಜದಲ್ಲೊಂದು ಸ್ಥಾನ, ನಿಯಮಿತ ಚಟುವಟಿಕೆ.

ಬದುಕು ಕದಡಿರುವಾಗ ಮೊದಲು ಕಳೆದುಹೋಗುವುದು ದಿನದ ಚೌಕಟ್ಟೇ. ಹಾಗಾಗಿ ಸಾಧಾರಣ ಸಂಬಳದ, ಬೇಗ ಬಿಡಬಹುದಾದ ತಾತ್ಕಾಲಿಕ ಕೆಲಸವನ್ನು ಕೀಳಾಗಿ ನೋಡಬೇಡಿ. ಆದರೆ ಅದು ಹೊಸ ಕೆಲಸ ಹುಡುಕಲು ದಿನಕ್ಕೆ ಒಂದು ಗಂಟೆಯನ್ನಾದರೂ ಉಳಿಸಬೇಕು. ರಾತ್ರಿ ಹಾಸಿಗೆಗೆ ಬೀಳುವಷ್ಟು ಹಿಂಡುವ ತಾತ್ಕಾಲಿಕ ಕೆಲಸ ಒಂದು ಬಲೆ.

ಗೊತ್ತಿರುವ ಕಸುಬಿನಲ್ಲೇ ಮುಂದುವರಿಯುವುದೋ, ಹೊಸ ಕ್ಷೇತ್ರಕ್ಕೆ ಹೊರಳುವುದೋ? ಮನೆಯೂ ಬದಲಾಗುತ್ತಿದ್ದರೆ ಮೊದಲ ವರ್ಷ ಗೊತ್ತಿರುವುದನ್ನೇ ಮಾಡಿ. ಕೈಗೆ ಅಭ್ಯಾಸವಿರುವ ಕೆಲಸ ತಲೆಗೆ ಬಿಡುವು ಕೊಡುತ್ತದೆ. ಹೊಸ ಕ್ಷೇತ್ರದ ಆಸೆಯನ್ನು ಸಂಜೆಯ ತರಗತಿಯಾಗಿ ಜೀವಂತ ಇಡಬಹುದು. ಹಳೆಯ ಕಸುಬೇ ನಿಮ್ಮನ್ನು ಕಾಯಿಲೆ ಬೀಳಿಸಿದ್ದರೆ ಮಾತ್ರ ಈ ಮಾತನ್ನು ಪಕ್ಕಕ್ಕಿಡಿ.

ಹೊಸತರ ಕಷ್ಟವೋ, ತಪ್ಪು ಆಯ್ಕೆಯ ಕಷ್ಟವೋ

ಮನೆ ಹಿಡಿದಾಯಿತು, ಕೆಲಸಕ್ಕೆ ಸೇರಿಯಾಯಿತು. ಆಮೇಲೆ ಶುರುವಾಗುವ ಹೋಲಿಕೆಯೇ ಎಲ್ಲಕ್ಕಿಂತ ಸೂಕ್ಷ್ಮ. ಮೂರನೇ ವಾರದ ಸಂಜೆ ಕುಳಿತು 'ತಪ್ಪು ಮಾಡಿದೆನೇ?' ಅನ್ನಿಸದವರು ವಿರಳ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ ಒಂದು ಸಣ್ಣ ರೂಢಿ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರದು 254 ದಿನದವರೆಗೆ ಹೋಗುವ ಅಂದಾಜು. ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ಇದು ದಿನವೂ ಒಂದು ಲೋಟ ನೀರು ಕುಡಿಯುವಂಥ ಸಣ್ಣ ರೂಢಿಗಳ ಮಾತು. ಹೊಸ ಮನೆಯಲ್ಲಿ ಸ್ವಿಚ್ಚು ಎಲ್ಲಿದೆ ಎನ್ನುವುದರಿಂದ ಹಿಡಿದು ಹೊಸ ಕೆಲಸದಲ್ಲಿ ಯಾರನ್ನು ಏನು ಕೇಳಬೇಕು ಎನ್ನುವವರೆಗೆ ಇಂಥ ನೂರಾರು ರೂಢಿಗಳು ಒಟ್ಟಿಗೇ ಕಟ್ಟಿಕೊಳ್ಳಬೇಕಾಗಿರುತ್ತದೆ. ಮೂರನೇ ವಾರಕ್ಕೆ ತೀರ್ಪು ಕೊಡುವುದು ಬಹಳ ಬೇಗವಾಯಿತು.

ಕಾಯುವಾಗ ದಿನಕ್ಕೊಂದು ಸಾಲು ಬರೆದಿಡಿ: ಇವತ್ತು ಎಲ್ಲಿ ನೋವಾಯಿತು. ಒಂದು ತಿಂಗಳ ಮೇಲೆ ಓದಿ ನೋಡಿ. ಹೊಸತರ ಕಷ್ಟ ಊರೆಲ್ಲ ಅಲೆಯುತ್ತದೆ. ಒಂದು ದಿನ ದಾರಿ ತಪ್ಪಿದ್ದು, ಇನ್ನೊಂದು ದಿನ ಮೀಟಿಂಗಿನಲ್ಲಿ ಮಾತು ತಿಳಿಯದ್ದು, ಮತ್ತೊಂದು ದಿನ ಹಳೆಯ ಕಿಟಕಿಯ ನೆನಪು. ಅದು ವಾರದಿಂದ ವಾರಕ್ಕೆ ತೆಳುವಾಗುತ್ತದೆ. ತಪ್ಪು ಆಯ್ಕೆಯ ಕಷ್ಟ ಒಂದೇ ಜಾಗದಲ್ಲಿ ಕೂತಿರುತ್ತದೆ: ಪ್ರತಿ ಸಾಲಿನಲ್ಲೂ ಅದೇ ಮೇಲಧಿಕಾರಿಯ ದನಿ, ಅದೇ ದಾರಿ, ಗೋಡೆಯಾಚೆಯ ಅದೇ ಜಗಳ. ಅದು ದಿನ ಕಳೆದಂತೆ ದಪ್ಪವಾಗುತ್ತದೆ. ಇವೆರಡಕ್ಕೂ ಸೇರದ ಮೂರನೆಯದೂ ಇದೆ. ನಿದ್ದೆ, ಹಸಿವು, ಯಾವುದರಲ್ಲಾದರೂ ಆಸಕ್ತಿ ಇವು ಎರಡು ವಾರ ದಾಟಿದರೂ ಮರಳದಿದ್ದರೆ, ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ, ಅದು ಮನೆ, ಉದ್ಯೋಗಗಳ ಹೋಲಿಕೆಯ ವಿಷಯವಲ್ಲ. ಕೂಡಲೇ ವೈದ್ಯರ ಬಳಿ ಹೋಗಿ, ನಂಬುವವರಿಗೆ ಹೇಳಿ.

ಹಳೆಯ ಬದುಕಿನಿಂದ ಒಂದು ಸಂಗತಿಯನ್ನು ಬೇಕೆಂದೇ ಹಾಗೇ ಉಳಿಸಿಕೊಳ್ಳಿ. ಬೆಳಗಿನ ನಡಿಗೆಯ ಹೊತ್ತು, ಮಲಗುವ ಮುಂಚೆ ಓದುವ ಹತ್ತು ಪುಟ, ವಾರಕ್ಕೊಮ್ಮೆ ಒಬ್ಬರಿಗೇ ಮಾಡುವ ಫೋನು. ಬಿಡಬೇಕೆಂದಿದ್ದ ರೂಢಿ ಏನಾದರೂ ಇದ್ದರೆ ಅದಕ್ಕೂ ಇದೇ ಸಮಯ. ಇಂಗ್ಲೆಂಡಿನ 800 ಮನೆಗಳ ನಡುವೆ ಬಾಸ್ ಫರ್ಪ್ಲಾಂಕನ್ ಮತ್ತು ಡೆಬೊರಾ ರಾಯ್ ನಡೆಸಿದ ಪ್ರಯೋಗದಲ್ಲಿ, ಮನೆ ಬದಲಿಸಿದ ಮೊದಲ ಮೂರು ತಿಂಗಳು ಹೊಸ ರೂಢಿಗಳಿಗೆ ಬಾಗಿಲು ಹೆಚ್ಚು ತೆರೆದಿರುತ್ತದೆ ಎಂದು ಕಂಡುಬಂತು. ನಾನು ರಾತ್ರಿ ಹಾಸಿಗೆಯಲ್ಲಿ ಫೋನ್ ನೋಡುವುದನ್ನು ಬಿಟ್ಟದ್ದು ಹಾಗೆಯೇ. ಹೊಸ ಕೋಣೆಯಲ್ಲಿ ಚಾರ್ಜರನ್ನು ಮೊದಲ ದಿನದಿಂದಲೇ ಬಾಗಿಲ ಹೊರಗೆ ಇಟ್ಟೆ.

ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಆ ತಾರೀಕು ಬಂದಾಗ ಬರೆದಿಟ್ಟ ಸಾಲುಗಳನ್ನು ತೆಗೆದುಕೊಂಡು ಒಂದು ಗಂಟೆ ಕುಳಿತುಕೊಳ್ಳಿ. ಮನೆಯ ಬಗ್ಗೆ ಒಂದು ಪ್ರಶ್ನೆ, ಕೆಲಸದ ಬಗ್ಗೆ ಒಂದು ಪ್ರಶ್ನೆ: ಇವತ್ತು ಗೊತ್ತಿರುವುದೆಲ್ಲ ಅವತ್ತೇ ಗೊತ್ತಿದ್ದರೆ ಮತ್ತೆ ಇದನ್ನೇ ಆರಿಸುತ್ತಿದ್ದೆನೇ? ಎರಡಕ್ಕೂ ಇಲ್ಲ ಎಂದಾದರೆ ಒಂದನ್ನು ಮೊದಲು ಬದಲಿಸಿ, ಬಿಡಲು ಕಡಿಮೆ ಖರ್ಚಾಗುವುದನ್ನು. ಹೌದು ಎಂದಾದರೆ, ಮೂಲೆಯಲ್ಲಿ ಉಳಿದಿರುವ ಪೆಟ್ಟಿಗೆಗಳನ್ನು ಅವತ್ತೇ ಬಿಚ್ಚಬಹುದು.